ಹೂವಿನ ಅಕ್ಕನಿಗೆ, ಮತ್ತು ಕೈಹಿಡಿದ ಎಲ್ಲರಿಗೂ

ಈ ಏಪ್ರಿಲ್‌ಗೆ ನಾವು ರೋಣ ತಾಲ್ಲೂಕಿನ ನಮ್ಮ ಊರು ಬಿಟ್ಟು ಬೆಂಗಳೂರಿಗೆ ಬಂದು ಎರಡು ವರ್ಷ ತುಂಬಿತು. ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿದ್ದಾಳೆ. ಮಗ ಆರನೇ ತರಗತಿ ದಾಟಿದ್ದಾನೆ. ನಮ್ಮ ಅತ್ತೆ ಕೋಲು ಊರಿಕೊಂಡು ಬೀದಿ ಕೊನೆಯ ಗಣಪತಿ ಗುಡಿಯ ತನಕ ಹೋಗಿ ಬರುತ್ತಾರೆ. ಈ ಮೂರು ಮಾತನ್ನೂ ಒಟ್ಟಿಗೆ ಬರೆಯುವ ದಿನ ಬರುತ್ತದೆ ಎಂದು ಹೋದ ಶ್ರಾವಣದಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಊರು ಯಾಕೆ ಬಿಟ್ಟೆವು ಎಂಬುದು ನಮ್ಮವರಿಗೆಲ್ಲ ಗೊತ್ತಿರುವ ಸಂಗತಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾಯಿತು. ಆಗಸ್ಟ್ ಪೂರ್ತಿ ಮುಗಿಲು ನೋಡಿದ್ದೇ ಬಂತು. ಮುಂಗಾರಿನ ಹೆಸರು ಬೆಳೆ ಹೂವಾಡುವ ಮೊದಲೇ ಒಣಗಿತು, ಹಿಂಗಾರಿಗೆ ಕಡಲೆ ಬಿತ್ತೋಣವೆಂದರೆ ಎರೆ ಹೊಲದಲ್ಲಿ ಹಸಿಯೇ ಇರಲಿಲ್ಲ. ಎತ್ತು ಮಾರಿ, ಹೊಲ ಲಾವಣಿಗೆ ಕೊಟ್ಟು, 2024ರ ಏಪ್ರಿಲ್‌ನಲ್ಲಿ ಮಕ್ಕಳ ಪರೀಕ್ಷೆ ಮುಗಿದ ವಾರವೇ ಗದಗಿನಲ್ಲಿ ಗೋಲಗುಂಬಜ್ ರೈಲು ಹತ್ತಿದೆವು. ಬಂದಿಳಿದದ್ದು ಬೆಂಗಳೂರಿನ ಬೋರ್‌ವೆಲ್‌ಗಳೂ ಬತ್ತಿದ್ದ ಬೇಸಿಗೆಯಲ್ಲಿ. ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಎಂದು ಜಲಮಂಡಳಿ ಸಾರಿತ್ತಲ್ಲ, ಆ ಬೇಸಿಗೆ. ಟ್ಯಾಂಕರ್ ಬಂದ ಸದ್ದಿಗೆ ಕೊಡ ಹಿಡಿದು ಮೆಟ್ಟಿಲಿಳಿಯುವಾಗ ಅತ್ತೆ, “ಇಲ್ಲೂ ಅದ ಹಣೇಬರಾ ಏನವಾ?” ಎಂದಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನೆನೆಯಬೇಕಾದವರು ಬಹಳ ಮಂದಿ. ಎಲ್ಲರೂ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾಗ “ಕೈಲಿದ್ದಷ್ಟು ಕೊಡಿ, ಉಳಿದದ್ದು ನಿಧಾನಕ್ಕೆ” ಎಂದ ಮನೆ ಓನರ್, ನಮ್ಮ ಯಜಮಾನರನ್ನು ಪೀಣ್ಯದ ಫ್ಯಾಕ್ಟರಿಗೆ ಕರೆದೊಯ್ದು ಕೆಲಸಕ್ಕೆ ಹಚ್ಚಿದ ಕೊಪ್ಪಳದ ಗೆಳೆಯ, ಟಿ.ಸಿ. ಬರುವುದು ತಡವಾದರೂ ಮಕ್ಕಳನ್ನು ಕ್ಲಾಸಿನಲ್ಲಿ ಕೂರಿಸಿಕೊಂಡು ಊರಿನ ಶಾಲೆಗೆ ತಾವೇ ಫೋನ್ ಮಾಡಿದ ಸರ್ಕಾರಿ ಶಾಲೆಯ ಹೆಡ್ ಮೇಡಂ, ರೋಣದ ಕಾರ್ಡಿಗೆ ಇಲ್ಲೇ ಅಕ್ಕಿ ಸಿಗುತ್ತದೆಂದು ತಿಳಿಸಿ, ಸವೆದ ಹೆಬ್ಬೆರಳು ಮಷೀನಿಗೆ ಹತ್ತದಿದ್ದರೂ ಬೇಸರಿಸದೆ ಮತ್ತೆ ಮತ್ತೆ ಒತ್ತಿಸಿಕೊಂಡ ನ್ಯಾಯಬೆಲೆ ಅಂಗಡಿಯಣ್ಣ, ಅತ್ತೆಗೆ ಅನ್ನ ಸೇರುವುದಿಲ್ಲವೆಂದು ತಿಳಿದು ರೊಟ್ಟಿ ಕಟ್ಟಿ ಕಳಿಸುತ್ತಿದ್ದ ಬಾಗಲಕೋಟೆ ಕಡೆಯ ಖಾನಾವಳಿ ಅವ್ವ: ನಿಮಗೆಲ್ಲ ನಮ್ಮ ಮನೆಮಂದಿಯ ಶರಣು. ನೀವು ಇರದಿದ್ದರೆ ಮೊದಲ ಮಳೆಗಾಲದ ಹೊತ್ತಿಗೇ ಮೂಟೆ ಕಟ್ಟಿರುತ್ತಿದ್ದೆವು.

ಇನ್ನು ಅಕ್ಕನ ಮಾತು.

ಹೆಸರು ಬರೆಯಬೇಡ ಎಂದಿದ್ದಾರೆ. ನಮ್ಮ ಬೀದಿಯಲ್ಲಿ ಹೂವಿನ ಅಕ್ಕ ಎಂದರೆ ಸಾಕು. ಚಿಂತಾಮಣಿ ಕಡೆಯವರು, ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇದ್ದಾರೆ. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಗೆ ಹೋಗಿ ಬಿಡಿ ಹೂವು ತಂದು, ಹಗಲೆಲ್ಲ ಕಟ್ಟಿ, ಸಂಜೆ ತಿರುವಿನಲ್ಲಿ ಬುಟ್ಟಿ ಇಟ್ಟುಕೊಂಡು ಮಾರುತ್ತಾರೆ. ಮೊದಲ ವರ್ಷ ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಎದುರಾದರೆ “ಊಟ ಆಯ್ತಾ?” ಎನ್ನುವರು, ಶುಕ್ರವಾರ ಮಗಳ ಜಡೆಗೆ ಒಂದು ಮೊಳ ಕೊಡುವರು, ಅಷ್ಟೇ.

ಹೋದ ಆಗಸ್ಟ್‌ನಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಅತ್ತೆ ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದು, ಎಡಗೈ ಸ್ವಾಧೀನ ತಪ್ಪಿತು. ಏನು, ಎತ್ತ ಎಂದು ಮತ್ತೆ ಬರೆಯುವುದಿಲ್ಲ. ಬಂದು ನೋಡಿ ಹೋದವರಿಗೆ ತಿಳಿದಿದೆ. ನಮ್ಮವರು ರಾತ್ರಿ ಪಾಳಿಯಲ್ಲಿದ್ದರು, ಅಲ್ಲಿ ಗೇಟಿನಲ್ಲೇ ಫೋನ್ ಲಾಕರಿಗೆ ಹಾಕಿ ಒಳಗೆ ಹೋಗಬೇಕು. ನಾನು ಮೆಟ್ಟಿಲ ಮೇಲೆ ನಿಂತು ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ಅಕ್ಕ ಬಂದರು, ಅತ್ತೆಯ ಮುಖ ಒಮ್ಮೆ ನೋಡಿ 108ಕ್ಕೆ ಫೋನ್ ಮಾಡಿದರು, ಓನರ್ ಮಗನನ್ನು ಎಬ್ಬಿಸಿ ನನ್ನ ಮಕ್ಕಳ ಜೊತೆ ಮಲಗಲು ಹೇಳಿದರು. ಆಮೇಲೆ ತಮ್ಮ ಮನೆಗೆ ಓಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ದೊಡ್ಡ ಗಂಟು ತಂದು ಆಂಬುಲೆನ್ಸ್ ಹತ್ತಿದರು.

ಆ ಗಂಟಿನಲ್ಲಿದ್ದದ್ದು ಕಾಕಡ ಮತ್ತು ಕನಕಾಂಬರ. ನಮ್ಮ ಕಡೆ ಈ ಹಬ್ಬ ಇಷ್ಟು ಜೋರಿಲ್ಲ, ಹಾಗಾಗಿ ಅದರ ಬೆಲೆ ನನಗೆ ಆಗ ತಿಳಿಯಲಿಲ್ಲ. ಬೆಂಗಳೂರಿನಲ್ಲಿ ಹೂವು ಮಾರುವವರಿಗೆ ವರ್ಷದ ದುಡಿಮೆ ಇರುವುದೇ ಇಂಥ ಒಂದೆರಡು ದಿನಗಳಲ್ಲಿ. ಹಬ್ಬದ ಹೊತ್ತಿಗೆ ಕನಕಾಂಬರ ಕೆಜಿಗೆ ಸಾವಿರಗಟ್ಟಲೆ ಆಗುತ್ತದೆ. ಅಕ್ಕ ಸಾಲ ಮಾಡಿ ಹೂವು ತಂದಿದ್ದರು. ರಾತ್ರಿ ಕಟ್ಟದಿದ್ದರೆ ಬೆಳಿಗ್ಗೆ ಮಾರಲು ಬಾರದು.

ಮೊದಲು ಹೋದ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಎಂದರು. ಎರಡನೆಯ ಕಡೆ ಒಳಗೆ ಕರೆದುಕೊಂಡರು, ಕೈಗೆ ಒಂದು ಫಾರ್ಮ್ ಕೊಟ್ಟು “ಮಗ ಎಲ್ಲಿ?” ಎಂದು ಕೇಳಿದರು. ಪೆನ್ನು ಹಿಡಿದರೆ ಬೆರಳು ನಡುಗುತ್ತಿತ್ತು. ನನ್ನ ಸಹಿಯಿಂದ ಏನಾದರೂ ಹೆಚ್ಚುಕಮ್ಮಿಯಾದರೆ ಅವರಿಗೆ, ನಾದಿನಿಯರಿಗೆ, ಊರಿಗೆ ಏನು ಹೇಳಲಿ? ಅಕ್ಕ ನನ್ನ ಭುಜ ಹಿಡಿದು, “ಸೈನ್ ಹಾಕಮ್ಮ. ನಿನ್ನ ಗಂಡ ಬರೋವರ್ಗೂ ನಾನಿರ್ತೀನಿ, ಎಲ್ಲೂ ಹೋಗಲ್ಲ” ಎಂದರು. ಹಾಕಿದೆ. ಸೆರಗಿನ ಗಂಟು ಬಿಚ್ಚಿ, ಅಲ್ಲಿದ್ದ ನೋಟುಗಳನ್ನೆಲ್ಲ ಔಷಧಿ ಕೌಂಟರಿನಲ್ಲಿ ಇಟ್ಟವರೂ ಅವರೇ.

ಆಮೇಲೆ ಐಸಿಯು ಹೊರಗಿನ ನೆಲದ ಮೇಲೆ ಕೂತು ಗಂಟು ಬಿಚ್ಚಿದರು. ನೂಲಿನ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಡುವೆ ಒಂದು ಸುತ್ತು, ಒಂದು ಎಳೆತ. ನನ್ನ ಕಡೆ ನೋಡುತ್ತಲೇ ಕಟ್ಟುತ್ತಿದ್ದರು, ಕೈ ನೋಡುತ್ತಿರಲಿಲ್ಲ. ಸೆಕ್ಯುರಿಟಿಯವರು ಎಬ್ಬಿಸಲು ಬಂದು, ನನ್ನ ಮುಖ ನೋಡಿ ಸುಮ್ಮನೆ ಹೋದರು.

ಎರಡು ಗಂಟೆಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಒಂದು ಮಳೆ, ಬರೀ ಒಂದು ಹದ ಮಳೆ ಆ ವರ್ಷ ಬಂದಿದ್ದರೆ ಈ ಮುದುಕಿ ತನ್ನ ಹೊರಸಿನ ಮೇಲೆ, ತನ್ನ ಮಂದಿಯ ನಡುವೆ ಇರುತ್ತಿದ್ದಳಲ್ಲ ಎಂದು ಗೋಡೆಗೆ ತಲೆ ಚಚ್ಚಿಕೊಂಡು ಅತ್ತುಬಿಟ್ಟೆ. ಮುಗಿಲಿಗೆ ಬೈದೆ, ದೇವರಿಗೆ ಬೈದೆ. ಇವತ್ತಿಗೂ ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ. ಅಕ್ಕ ಸಮಾಧಾನದ ಮಾತು ಏನೂ ಆಡಲಿಲ್ಲ. ಬಾಟಲಿ ನೀರಿನಿಂದ ನನ್ನ ಮುಖ ತೊಳೆಸಿ, ನನ್ನ ಮಡಿಲಿಗೆ ಒಂದಿಷ್ಟು ಮೊಗ್ಗು ಸುರಿದು, “ನೀನು ಎರಡೆರಡು ಜೋಡಿಸಿ ಕೊಡ್ತಾ ಹೋಗು, ಬೇಗ ಆಗುತ್ತೆ” ಎಂದರು. ಬೆಳಗಾಗುವ ತನಕ ಜೋಡಿಸಿ ಕೊಟ್ಟೆ. ಆ ಕೆಲಸ ಇರದಿದ್ದರೆ ನನ್ನ ತಲೆ ನೆಟ್ಟಗಿರುತ್ತಿರಲಿಲ್ಲ.

ಪಾಳಿ ಮುಗಿಸಿ ನಮ್ಮವರು ಓಡೋಡಿ ಬಂದಾಗ ಹಬ್ಬದ ಮುಂಜಾವಿನ ವ್ಯಾಪಾರ ಅರ್ಧ ಮುಗಿದಿತ್ತು. ಅಲ್ಲಿಯವರೆಗೆ ಅಕ್ಕ ಏಳಲಿಲ್ಲ. ಹೇಳಿದ ಮಾತಿನಂತೆ ಅವರು ಬಂದ ಮೇಲೆಯೇ ಎದ್ದು, ಹೂವು ಎತ್ತಿಕೊಂಡು ಬಸ್ ಹತ್ತಿದರು. ಎಷ್ಟು ಮಾರಿದರು, ಎಷ್ಟು ಬಾಡಿತು ಎಂದು ಎಷ್ಟು ಕೇಳಿದರೂ ಹೇಳಿಲ್ಲ. ಮಧ್ಯಾಹ್ನ ಮತ್ತೆ ಬಂದರು, ಡಬ್ಬಿಯಲ್ಲಿ ಮುದ್ದೆ ಸಾರು ಹಿಡಿದು.

ಔಷಧಿಯ ದುಡ್ಡು ತಿರುಗಿ ಕೊಟ್ಟಿದ್ದೇವೆ. ಅದು ದುಡ್ಡಿನ ಲೆಕ್ಕ. ನಮ್ಮೂರಲ್ಲಿ ಮದುವೆಗೆ ಬಂದ ಆಯೇರಿಯನ್ನು, ಅಂದರೆ ಉಡುಗೊರೆಯನ್ನು, ವಹಿಯಲ್ಲಿ ಬರೆದಿಡುತ್ತಾರೆ, ಅವರ ಮನೆಯ ಕಾರ್ಯಕ್ಕೆ ಅಷ್ಟನ್ನು ತಿರುಗಿ ಮಾಡಲೇಬೇಕು. ಕಷ್ಟಕ್ಕೆ ಆದವರದ್ದೂ ಹಾಗೆಯೇ: ಅವರ ಅಜ್ಜನಿಗೆ ನಮ್ಮ ಅಜ್ಜ ಆಗಿದ್ದ, ಈಗ ಅವರು ನಮಗೆ ಆಗುತ್ತಾರೆ. ಅಕ್ಕನಿಗೂ ನಮಗೂ ಹಿಂದಿನ ಯಾವ ಕೊಡುಕೊಳ್ಳುವಿಕೆಯೂ ಇರಲಿಲ್ಲ. ಊರಿಲ್ಲ, ಬಳಗವಿಲ್ಲ. ಕೂಗು ಕೇಳಿಸಿತು, ಬಂದರು. ಇದನ್ನು ಯಾವ ವಹಿಯಲ್ಲಿ ಬರೆಯಲಿ? ಅದಕ್ಕೇ ಇಲ್ಲಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಅನಂತರದ ತಿಂಗಳುಗಳೂ ಸಲೀಸಾಗಿರಲಿಲ್ಲ. ನಾದಿನಿಯರು ಶಕ್ತಿ ಯೋಜನೆಯ ಬಸ್ಸಿನಲ್ಲಿ ಗದಗಿನಿಂದ ಪಾಳಿಯ ಮೇಲೆ ಬಂದು ನೋಡಿಕೊಂಡರು, ಫ್ಯಾಕ್ಟರಿಯ ಸೂಪರ್‌ವೈಸರ್ ನಮ್ಮವರನ್ನು ಹಗಲು ಪಾಳಿಗೆ ಹಾಕಿದರು, ವ್ಯಾಯಾಮ ಮಾಡಿಸುವ ಹುಡುಗಿ ಅತ್ತೆಯ ಬೈಗುಳವನ್ನೆಲ್ಲ ನಗುತ್ತಾ ಸಹಿಸಿಕೊಂಡಳು. ಅವರೆಲ್ಲರಿಗೂ ಋಣಿ. ಎಡಗೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ. ಆದರೂ ಮಧ್ಯಾಹ್ನ ಅತ್ತೆ ಅಕ್ಕನ ಮನೆಯಲ್ಲೇ. ಬಲಗೈಯಲ್ಲಿ ಮೊಗ್ಗು ಜೋಡಿಸಿ ಕೊಡುತ್ತಾರೆ, ಅಕ್ಕ ಕಟ್ಟುತ್ತಾರೆ. ಅತ್ತೆ ರೋಣದ ಮಾತು, ಅಕ್ಕ ಚಿಂತಾಮಣಿಯ ಮಾತು, ನಡುನಡುವೆ ತೆಲುಗು. ಸಂಜೆಯಾದರೂ ಮುಗಿಯುವುದಿಲ್ಲ.

ಊರಿನಿಂದ ಈ ಸಲದ ಬಿಳಿಜೋಳ ಬಂದಿದೆ. ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮೇಲೆ ಬರೆದವರೆಲ್ಲ ಬರಬೇಕು, ಮಕ್ಕಳನ್ನೂ ಕರೆತರಬೇಕು. ಅಕ್ಕನಿಗೆ ಮೊದಲ ಪಂಕ್ತಿ ಎಂದು ಅತ್ತೆ ಈಗಲೇ ಹೇಳಿಟ್ಟಿದ್ದಾರೆ.