ಭಾನುವಾರಕ್ಕೆ ಮುಂಚೆ 90ನೇ ಕೀರ್ತನೆ ಓದಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಭಾನುವಾರ ಆರಾಧನೆಗೆ ಬರುವಾಗ ಬೈಬಲಿನ 90ನೇ ಕೀರ್ತನೆ ಓದಿಕೊಂಡು ಬನ್ನಿ. ಮೋಶೆಯ ಪ್ರಾರ್ಥನೆ ಅದು, 17 ವಚನ ಅಷ್ಟೇ. ಆಯುಸ್ಸು 70 ವರ್ಷ, ಬಲ ಇದ್ದರೆ 80 ಅನ್ನುತ್ತಾನೆ. 12ನೇ ವಚನದಲ್ಲಿ, ಇರುವ ದಿನಗಳನ್ನು ಎಣಿಸೋದು ಕಲಿಸು ಎಂದು ದೇವರನ್ನು ಬೇಡುತ್ತಾನೆ. ನನ್ನ ಮನಸ್ಸು ಅಲ್ಲೇ ನಿಂತುಬಿಡುತ್ತದೆ.

ಹೊಸ ಒಡಂಬಡಿಕೆಯಲ್ಲಿ ಯಾಕೋಬನು ತನ್ನ ಪತ್ರಿಕೆಯಲ್ಲಿ ನಮ್ಮನ್ನು ಹಬೆಗೆ ಹೋಲಿಸುತ್ತಾನೆ. ಆಗುಂಬೆಯ ಮಂಜು ನೋಡಿದ್ದೀರಲ್ವಾ? ಮುಂದಿನ ತಿರುವೂ ಕಾಣದಷ್ಟು ದಟ್ಟ, ಬಿಸಿಲು ಬಿದ್ದರೆ ಗುರುತೇ ಇಲ್ಲ.

ತೀರ್ಥಹಳ್ಳಿಯ ಚಿಕ್ಕಪ್ಪನಿಗೆ 'ಅಡಿಕೆ ಕೊಯ್ಲು ಮುಗೀಲಿ, ಬರ್ತೀನಿ' ಅಂದಿದ್ದೆ. ಕೊಯ್ಲಿಗೆ ಮುಂಚೆಯೇ ಅವರು ಹೋಗಿಬಿಟ್ಟರು. ಇವತ್ತಿಗೂ ನೋವಾಗುತ್ತದೆ. ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ದಯವಿಟ್ಟು ಇವತ್ತೇ ಫೋನ್ ಮಾಡಿ.

ಆರಾಧನೆ ಮುಗಿದ ಮೇಲೆ ಹಾಸಿಗೆ ಹಿಡಿದಿರುವ ಹಿರಿಯರ ಮನೆಗಳಿಗೆ ಹೋಗುತ್ತೇವೆ. ಬರುವವರು ಇಲ್ಲೇ ತಿಳಿಸಿ.