ಗೊಬ್ಬರದಂಗಡಿಯಲ್ಲಿ ಸಿಕ್ಕ ಹಿರಿಯರಿಗೆ

ಶಿರಸಿ ಪೇಟೆಯ ಗೊಬ್ಬರದಂಗಡಿಯಲ್ಲಿ ಸಿಕ್ಕ ಹಿರಿಯರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಕೈಯಲ್ಲಿ ಅಂಜೂರದ ಎಲೆ ಹಿಡಿದು ನಿಂತಿದ್ದವಳು ನಾನು. ಕುಂಡದ ಎರಡು ಗಿಡ ತಂದು ತಿಂಗಳೂ ಆಗಿರಲಿಲ್ಲ, ಎಲೆಯೆಲ್ಲ ಕಂದು ಚುಕ್ಕೆಯಾಗಿ ಉದುರುತ್ತಿತ್ತು. ನೀವು ಎಲೆ ಮಗುಚಿ, ಅಡಿಯ ಪುಡಿಯನ್ನು ಬೆರಳಿಗೆ ಒರೆಸಿ ತೋರಿಸಿದಿರಿ. "ತುಕ್ಕು ರೋಗ ತಂಗೀ. ಹೆದರಬೇಡ, ಚಿಗುರ್ತದೆ."

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇದಕ್ಕೂ ಆಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್), 10 ಗ್ರಾಂ ಸುಣ್ಣ. ಅರ್ಧರ್ಧ ನೀರಿನಲ್ಲಿ, ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ನೀರು. ಅದೇ ದಿನ ಸಿಂಪಡಿಸಿ ಮುಗಿಸಬೇಕು. ಇಷ್ಟನ್ನೂ ಬಿಲ್ಲಿನ ಹಿಂದೆ ಬರೆದುಕೊಟ್ಟಿರಿ. ಅಷ್ಟು ತಾಳ್ಮೆ ಯಾರಿಗಿರುತ್ತದೆ!

ಉದುರಿದ ಎಲೆ ಸುಟ್ಟೆ. ಮೊದಲು ಸುಮ್ನೆ ಎಲೆ ಮೇಲೆಲ್ಲ ನೀರು ಹೊಯ್ಯುತ್ತಿದ್ದೆ, ಈಗ ಬುಡಕ್ಕೆ ಮಾತ್ರ. ನಮ್ಮ ಮಳೆಗಾಲದಲ್ಲಿ ಎಲೆ ಒಣಗುವುದೇ ಕಷ್ಟ ಅಲ್ವಾ, ಅದಕ್ಕೆ ಕುಂಡಗಳನ್ನು ಮಾಡಿನಡಿಗೆ, ಗಾಳಿಯಾಡುವ ಕಡೆ ಸರಿಸಿದ್ದೇನೆ.

ಹೊಸ ಚಿಗುರು ಬಂದಿದೆ, ಒಂದೂ ಚುಕ್ಕೆ ಇಲ್ಲ. ತುಂಬಾ ಧನ್ಯವಾದ. ಮೊದಲ ಹಣ್ಣು ಬಿಟ್ಟಾಗ ಅದೇ ಅಂಗಡಿಯಲ್ಲಿ ನಿಮಗೆಂದು ಕೊಟ್ಟು ಬರುತ್ತೇನೆ.