ನಿನ್ನ ಕಾದಂಬರಿಯ ಕರಡು ಓದಿದ ಮೇಲೆ

ವಿಜಯಪುರ

ಪ್ರೀತಿಯ ಗೆಳೆಯಾ,

ನಿನ್ನ ಕರಡನ್ನು ಎರಡು ಸಲ ಓದಿದೆ. ಮೊದಲ ಸಲ ಪೆನ್ನು ಮುಟ್ಟಲಿಲ್ಲ. ಸುಮ್ನೆ ಓದಿದೆ. ಬೇಸರ ಬಂದ ಕಡೆ ಪುಟದ ಮೂಲೆ ಮಡಚಿದೆ, ಅಷ್ಟೇ. ಕೆಂಪು ಪೆನ್ನು ಹಿಡಿದದ್ದು ಎರಡನೇ ಸಲ.

ನೀನು ಕೇಳಿದ್ದು ಒತ್ತಕ್ಷರದ ತಪ್ಪುಗಳ ಬಗ್ಗೆ. ಅವು ಇವೆ. ಆದರೆ ಈಗಲೇ ಅವನ್ನು ತಿದ್ದುತ್ತ ಕೂರಬೇಡ. ನಾಳೆ ಆ ಅಧ್ಯಾಯವನ್ನೇ ತೆಗೆಯಬೇಕಾದರೆ? ಮೊದಲು ಕಥೆ ನೆಟ್ಟಗಾಗಲಿ.

ಮೂರನೇ ಅಧ್ಯಾಯ ನೋಡು. 1996ರಲ್ಲಿ ನಿನ್ನ ಮುದುಕ ಮುಳುಗಡೆ ಪರಿಹಾರದ ಅರ್ಜಿ ಹಿಡಿದು ಬಾಗಲಕೋಟೆಯ ಡಿಸಿ ಆಫೀಸಿಗೆ ಹೋಗುತ್ತಾನೆ. ಬಾಗಲಕೋಟೆ ಜಿಲ್ಲೆಯಾದದ್ದೇ 1997ರಲ್ಲಿ, ಅಲ್ವಾ? ಅದಕ್ಕೂ ಮುಂಚೆ ಡಿಸಿ ಸಾಹೇಬರನ್ನು ಕಾಣಬೇಕೆಂದರೆ ಬಿಜಾಪುರಕ್ಕೇ ಬರಬೇಕಿತ್ತು. (ಬೋರ್ಡಿನ ಮೇಲೆ ‘ವಿಜಯಪುರ’ ಎಂದೂ ಬರೆದಿದ್ದೀಯ. ಸರ್ಕಾರ ಬಿಜಾಪುರಕ್ಕೆ ಆ ಹೆಸರು ಇಟ್ಟದ್ದು 2014ರ ನವೆಂಬರ್ 1ರಂದು.) ದಯವಿಟ್ಟು ಇಸವಿ ಬದಲಿಸಿ ಕೈತೊಳೆದುಕೊಳ್ಳಬೇಡ. ಮುದುಕನನ್ನು ಬಸ್ ಹತ್ತಿಸು. ಕೊಲ್ಹಾರದ ಹತ್ತಿರ ಅವನು ಕೃಷ್ಣೆಯನ್ನು ದಾಟಲಿ. ಆಲಮಟ್ಟಿ ಅಣೆಕಟ್ಟಿನಲ್ಲಿ ತಡೆದು ನಿಲ್ಲಿಸುವ ಆ ಹೊಳೆಯ ನೀರೇ ತಾನೇ ಮುಂದೆ ಅವನ ಮನೆ ಬಾಗಿಲಿಗೆ ಬರುವುದು? ಕಿಟಕಿಯ ಹತ್ತಿರ ಗಡಿಗೆ ಮೊಸರು ಮಾರುವವರು ಬರಲಿ, ಅವನು ಚೀಲದೊಳಗಿನ ಅರ್ಜಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಳ್ಳಲಿ. ಪುಸ್ತಕದ ಬಹಳ ಒಳ್ಳೆಯ ಅಧ್ಯಾಯ ಇದೇ ಆಗುತ್ತದೆ ಅಂತ ನನಗೆ ಅನ್ನಿಸುತ್ತಿದೆ.

ದೀಪಾವಳಿಗೆ ಹುಡುಗರಿಗೆ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ತಿನ್ನಿಸಿದ್ದೀಯ. ನಮ್ಮವ್ವನಿಗೆ ಓದಿ ಹೇಳಿದೆ. “ಆಗ ಜ್ವಾಳ ತೆನಿ ಎಲ್ಲಿ ಹಿಡದಿರ್ತಾವೋ?” ಎಂದಳು. ಅದನ್ನು ಎಳ್ಳಮಾವಾಸ್ಯೆಯ ಆಚೆಗೆ ತಳ್ಳು.

ಮುದುಕಿ ಒಂದು ಕಡೆ ‘ಹೊಂಟೀನಿ’ ಅಂತಾಳೆ, ಇನ್ನೊಂದು ಕಡೆ ‘ಹೊಂಟೇನಿ’. ಯಾವುದಾದರೂ ಒಂದು ಇರಲಿ. ಇಂಥ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಕರಡು ತಿದ್ದುವವರಿಗೆ ಪುಸ್ತಕದ ಜೊತೆ ಅದನ್ನೂ ಕೊಡು. ಇಲ್ಲದಿದ್ದರೆ ಅವರು ಒಳ್ಳೆಯ ಮನಸ್ಸಿನಿಂದಲೇ ‘ಹೊರಟಿದ್ದೇನೆ’ ಮಾಡಿಬಿಡುತ್ತಾರೆ. ಆ ಮುದುಕಿ ಹಾಗೆ ಮಾತಾಡಿದರೆ ಅವಳು ನಮ್ಮೂರಿನವಳಾಗಿ ಉಳಿಯುವುದಿಲ್ಲ.

ಅಕ್ಷರ ತಿದ್ದುವುದು ಕೊನೆಗೆ, ಅದೂ ಕಾಗದದ ಮೇಲೆ. ನನ್ನ ಮೊದಲ ಪುಸ್ತಕವನ್ನು ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡಿಗೆ ಬದಲಿಸಿ, ಕಂಪ್ಯೂಟರಿನಲ್ಲೇ ಓದಿ ಅಚ್ಚಿಗೆ ಕೊಟ್ಟೆ. ಒಡೆದ ಅರ್ಕಾವತ್ತುಗಳೆಲ್ಲ ಕಣ್ಣಿಗೆ ಬಿದ್ದವು. ಆದರೆ ‘ಅವ್ವನ ಹೆಣ’ ಇರಬೇಕಾದಲ್ಲಿ ‘ಅವ್ವನ ಹಣ’ ಇತ್ತು. ಹಣವೂ ಸರಿಯಾದ ಶಬ್ದವೇ. ಹಾಗಾಗಿ ಯಾವ ಸ್ಪೆಲ್‌ಚೆಕ್ಕೂ ಹಿಡಿಯಲಿಲ್ಲ. ನನಗಂತೂ ಆ ವಾಕ್ಯ ಬಾಯಿಪಾಠ, ಕಣ್ಣು ಸುಮ್ನೆ ದಾಟಿ ಹೋಯಿತು. ಕಥೆಯ ಅತಿ ದುಃಖದ ಪುಟ ಅದು. ಇವತ್ತಿಗೂ ಆ ಪುಟ ತೆಗೆಯಲು ನನಗೆ ಆಗುವುದಿಲ್ಲ. ನೀನು ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು ಓದು. ಒಂದು ಸಲ ಕೊನೆಯ ಪುಟದಿಂದ ಹಿಂದಕ್ಕೆ ಓದು.

ಪ್ರತಿಯನ್ನು ನಾಳೆ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಕೆಂಪು ಜಾಸ್ತಿ ಕಾಣುತ್ತದೆ, ಗಾಬರಿಯಾಗಬೇಡ. ಮುದುಕ ಮನೆಯ ಹೊಸ್ತಿಲು ಕಿತ್ತು ಚಕ್ಕಡಿಗೆ ಹೇರುವ ಪುಟಕ್ಕೆ ಮಾತ್ರ ನಾನು ಪೆನ್ನು ಹಚ್ಚಿಲ್ಲ. ನೀನೂ ಹಚ್ಚಬೇಡ.

ನಿನ್ನ ಗೆಳೆಯ